ಸಾಲಿಗೆ ತಕ್ಕ ಮುಳ್ಳು

ತಿಕೋಟಾದ ಒಂದು ದ್ರಾಕ್ಷಿ ತೋಟದ ಮನೆ. ಅಟ್ಟದಿಂದ ಇಳಿಸಿದ ಕಟ್ಟಿಗೆಯ ಪೆಟ್ಟಿಗೆಯಲ್ಲಿ, ಹಳೆಯ ಧೋತರದ ಅರಿವೆಯಲ್ಲಿ ಸುತ್ತಿಟ್ಟ ಸುಮಾರು 40 ರೆಕಾರ್ಡುಗಳಿದ್ದವು. ಎಲ್‌ಪಿ ಎಂಟು, ಸಿನಿಮಾ ಹಾಡಿನ ಸಣ್ಣ ಇಪಿ ಆರು, ಉಳಿದವೆಲ್ಲ ನಿಮಿಷಕ್ಕೆ 78 ಸುತ್ತು ತಿರುಗುವ, ಅರಗಿನ ಭಾರದ 78ರ ಪ್ಲೇಟುಗಳು. ಮನೆಯ ಹಿರಿಯರು, ನಾನು ಕಾಕಾ ಎಂದು ಕರೆಯುವವರು, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ಅವರ ಅಪ್ಪ ಕೇಳಿದ ಹಾಡುಗಳವು. ಮನೆಯ ಗ್ರಾಮೋಫೋನು ಕೆಟ್ಟು ಎಷ್ಟೋ ವರ್ಷಗಳಾಗಿದ್ದವು. ಮೊಮ್ಮಕ್ಕಳ ಮೊಬೈಲಿನಲ್ಲಾದರೂ ಆ ದನಿ ಉಳಿಯಲಿ ಎಂಬುದು ಅವರ ಆಸೆ.

ನಾನು ಹೊಸ ಟರ್ನ್‌ಟೇಬಲ್ ಒಯ್ದಿದ್ದೆ. ಅದರ ತುದಿಯಲ್ಲಿದ್ದದ್ದು ಎಲ್‌ಪಿಯ ಮುಳ್ಳು. ವೇಗ 78ಕ್ಕೆ ತಿರುಗಿಸಿ ಒಂದು ಅರಗಿನ ಪ್ಲೇಟಿನ ಮೇಲೆ ಇಟ್ಟೆ. ಗರಗರ ಸದ್ದಿನ ಹಿಂದೆ ಎಲ್ಲೋ ದೂರದಲ್ಲಿ ಒಬ್ಬ ಹೆಣ್ಣುಮಗಳು ಹಾಡುತ್ತಿದ್ದಳು. ಕಾಕಾ ಸ್ವಲ್ಪ ಹೊತ್ತು ಕೇಳಿ, "ತಮ್ಮಾ, ಹಾಡಿಗಿಂತ ಮಳಿನ ಜೋರ್ ಐತಲ್ಲೋ" ಅಂದರು. ಪ್ಲೇಟು ಸವೆದಿದೆ, ಇಷ್ಟೇ ಬರುವುದು ಎಂದುಕೊಂಡು ಅವತ್ತು ಹನ್ನೆರಡು ಪ್ಲೇಟುಗಳನ್ನು ಹಾಗೆಯೇ ಕಂಪ್ಯೂಟರಿಗೆ ಇಳಿಸಿದೆ. ತಪ್ಪು ಪ್ಲೇಟಿನದಲ್ಲ, ನನ್ನದು ಎಂದು ಗೊತ್ತಾದದ್ದು ಆಮೇಲೆ. ಆ ಹನ್ನೆರಡನ್ನೂ ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಈ ಲೇಖನ ಅಂಥ ಪೆಟ್ಟಿಗೆ ಮನೆಯಲ್ಲಿಟ್ಟುಕೊಂಡ ಎಲ್ಲರಿಗಾಗಿ. ಯಾವ ಕಾರ್ಟ್ರಿಜ್ ಕೊಳ್ಳಬೇಕು ಎಂದು ಕೇಳುವವರು ಬಹಳ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಪೆಟ್ಟಿಗೆಯಲ್ಲಿರುವುದು ಯಾವ ಕಾಲದ, ಯಾವ ಅಳತೆಯ ಸಾಲು? ಕಾರ್ಟ್ರಿಜ್ಜನ್ನು ಆರಿಸುವುದು ಅಂಗಡಿಯ ಪಟ್ಟಿಯಲ್ಲ, ರೆಕಾರ್ಡಿನ ಸಾಲು.

ಈ ಸೀಮೆಯ ಪೆಟ್ಟಿಗೆಗಳಲ್ಲಿ ಏನಿದೆ

ವಿಜಯಪುರ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ಸರಕಾರಕ್ಕೆ ಸೇರಿತ್ತು. ಇಲ್ಲಿಯ ಕಿವಿ ಕನ್ನಡ, ಮರಾಠಿ, ಹಿಂದಿ, ಉರ್ದು ನಾಲ್ಕಕ್ಕೂ ಒಗ್ಗಿದ್ದು. ಹಾಗಾಗಿ ವಿಜಯಪುರ ಪೇಟೆಯ, ತಿಕೋಟಾದ, ಬಬಲೇಶ್ವರದ ಹಳೆಯ ಮನೆಗಳ ಪೆಟ್ಟಿಗೆ ತೆಗೆದರೆ ಬಾಲಗಂಧರ್ವರ ನಾಟ್ಯಗೀತೆಯ ಪಕ್ಕದಲ್ಲಿ ಕವ್ವಾಲಿ, ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಪಕ್ಕದಲ್ಲಿ ಮಲ್ಲಿಕಾರ್ಜುನ ಮನ್ಸೂರರ 1930ರ ದಶಕದ ಎಚ್‌ಎಂವಿ ಪ್ಲೇಟು ಕೂತಿದ್ದರೆ ಅಚ್ಚರಿಯಿಲ್ಲ. ನಾಯಿ ಮಾರ್ಕಿನ ಎಚ್‌ಎಂವಿ ಅಲ್ಲದೆ ಕೊಲಂಬಿಯಾ, ಓಡಿಯನ್, ಮುಂಬಯಿಯ ಯಂಗ್ ಇಂಡಿಯಾ ಲೇಬಲ್ಲುಗಳೂ ಸಿಗುತ್ತವೆ.

ಇದೇ ಮಣ್ಣಿನ ದನಿ ಅಮೀರ್‌ಬಾಯಿ ಕರ್ನಾಟಕಿಯವರದು. ಹುಟ್ಟಿದ್ದು ಆಗಿನ ಬಿಜಾಪುರ ಜಿಲ್ಲೆಯ, ಈಗ ಬಾಗಲಕೋಟೆಗೆ ಸೇರಿದ ಬೀಳಗಿಯಲ್ಲಿ. ಅಕ್ಕ ಗೋಹರಬಾಯಿ ಬಾಲಗಂಧರ್ವರ ಜೊತೆ ಮರಾಠಿ ರಂಗಭೂಮಿಯಲ್ಲಿ ಹೆಸರು ಮಾಡಿದರೆ, ತಂಗಿ ಮುಂಬಯಿಯ ಸಿನಿಮಾದಲ್ಲಿ ಹಾಡಿ ದೇಶದ ಮನೆಮಾತಾದರು. 1943ರ 'ಕಿಸ್ಮತ್' ಚಿತ್ರದ ಅವರ ಹಾಡುಗಳು ಊರೂರಿಗೆ ತಲುಪಿದ್ದು ಅರಗಿನ ಪ್ಲೇಟಿನ ಮೇಲೆಯೇ. 1965ರಲ್ಲಿ ತೀರಿಕೊಂಡ ಈ ಗಾಯಕಿಯ ಬದುಕನ್ನು ರಹಮತ್ ತರೀಕೆರೆಯವರು ಕನ್ನಡದಲ್ಲಿ ಪುಸ್ತಕವಾಗಿ ಬರೆದು ನಮಗೆ ಮರಳಿ ಕೊಟ್ಟರು. ಆ ಬರಹ ಓದಿದ ಮೇಲೆ ದನಿಯನ್ನೂ ಚೆನ್ನಾಗಿ ಕೇಳಬೇಕೆನಿಸುತ್ತದೆ. ಇಂಟರ್‌ನೆಟ್ಟಿನಲ್ಲಿ ತಿರುಗುವ ಎಷ್ಟೋ ಪ್ರತಿಗಳಲ್ಲಿ ಆ ದನಿ ಮಂಕಾಗಿದೆ. ಮಂಕಾಗಲು ಕಾರಣ ಯಾವಾಗಲೂ ಪ್ಲೇಟೇ ಆಗಿರಬೇಕಿಲ್ಲ.

ಕಾರ್ಟ್ರಿಜ್ಜಿನ ಜಾತಿಗಳು

ರೆಕಾರ್ಡಿನ ಮೇಲೆ ಕಾಣುವುದು ಹೊರಗಿನಿಂದ ಒಳಗೆ ಸುತ್ತುತ್ತ ಹೋಗುವ ಒಂದೇ ಒಂದು ಸಾಲು. ಹೊಲದ ಸಾಲಿನಂತೆ ಅದಕ್ಕೂ ಎರಡು ಗೋಡೆ, ಒಂದು ತಳ. ಗೋಡೆಗಳು ಹಾಡಿನ ಅಲೆಗೆ ತಕ್ಕಂತೆ ಬಳುಕಿರುತ್ತವೆ. ಮುಳ್ಳು ಗೋಡೆಗೆ ಆತು ನಡೆಯುತ್ತ ಆ ಬಳುಕನ್ನು ಹಿಡಿಯುತ್ತದೆ. ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿ ಬದಲಿಸುವ ಸಣ್ಣ ಪೆಟ್ಟಿಗೆಯೇ ಕಾರ್ಟ್ರಿಜ್. ಅದರಲ್ಲಿ ಮುಖ್ಯವಾಗಿ ಮೂರು ಜಾತಿ.

ಮೊದಲನೆಯದು ಕ್ರಿಸ್ಟಲ್ ಮತ್ತು ಸಿರಾಮಿಕ್. ಎಚ್‌ಎಂವಿ ಫಿಯೆಸ್ಟಾದಂಥ ಪೆಟ್ಟಿಗೆ ಪ್ಲೇಯರುಗಳಲ್ಲಿ ಇದ್ದದ್ದು ಈ ಜಾತಿಯದು. ಈಗ ಸೂಟ್‌ಕೇಸಿನ ಆಕಾರದಲ್ಲಿ ಮಾರುವ ಅಗ್ಗದ ಪ್ಲೇಯರುಗಳಲ್ಲಿಯೂ ಸಾಮಾನ್ಯವಾಗಿ ಇದೇ ಇರುತ್ತದೆ. ಜೋರಾದ ಸಿಗ್ನಲ್ ಕೊಡುತ್ತದೆ, ಆದರೆ 5 ಗ್ರಾಂ ಅಥವಾ ಅದಕ್ಕೂ ಹೆಚ್ಚು ಭಾರ ಹೇರುತ್ತದೆ ಮತ್ತು ಮೇಲೆ ಕೆಳಗೆ ಸುಲಭವಾಗಿ ಬಾಗುವುದಿಲ್ಲ. ಸ್ಟೀರಿಯೊ ಎಲ್‌ಪಿಯ ನವಿರಾದ ಸಾಲಿಗೆ ಇದು ಹಾನಿಕರ. ಹಳೆಯ ಕ್ರಿಸ್ಟಲ್ ಕಾರ್ಟ್ರಿಜ್ಜುಗಳ ಒಳಗಿದ್ದ ರೋಶೆಲ್ ಉಪ್ಪಿನ ಹರಳು ಸೆಖೆಗೂ ತೇವಕ್ಕೂ ಕೆಡುವಂಥದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯ ಅಟ್ಟದಲ್ಲಿ ದಶಕಗಟ್ಟಲೆ ಬಿದ್ದಿದ್ದರೆ ಅದರಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದು. ಅಜ್ಜನ ಪ್ಲೇಯರನ್ನು ನೆನಪಿಗಾಗಿ ಇಟ್ಟುಕೊಳ್ಳಿ, ಡಿಜಿಟಲ್ ಪ್ರತಿ ಮಾಡಲು ಬಳಸಬೇಡಿ.

ಎರಡನೆಯದು ಮೂವಿಂಗ್ ಮ್ಯಾಗ್ನೆಟ್. ಮುಳ್ಳಿನ ದಂಡದ ಹಿಂತುದಿಯಲ್ಲಿ ಸಣ್ಣ ಅಯಸ್ಕಾಂತ, ಸುತ್ತ ತಂತಿಯ ಸುರುಳಿ. ಹೊರಬರುವ ಸಿಗ್ನಲ್ ಸಾಮಾನ್ಯವಾಗಿ 3ರಿಂದ 6 ಮಿಲಿವೋಲ್ಟ್. ದೊಡ್ಡ ಗುಣವೆಂದರೆ ಮುಳ್ಳನ್ನು ಕೈಯಿಂದಲೇ ಕಿತ್ತು ಬೇರೆ ಮುಳ್ಳು ಹಾಕಬಹುದು. ಮೂರನೆಯದು ಮೂವಿಂಗ್ ಕಾಯಿಲ್. ಇದರಲ್ಲಿ ಸುರುಳಿಯೇ ಅಲುಗುತ್ತದೆ. ಸೂಕ್ಷ್ಮವಾದ ದನಿ ನಿಜ. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಗಾಗಿ ರೂಪುಗೊಂಡ ಡೆನಾನ್ ಡಿಎಲ್-103 ಇವತ್ತಿಗೂ ಮೆಚ್ಚುಗೆಯ ಹೆಸರು. ಆದರೆ ಅದರ ಸಿಗ್ನಲ್ ಕೇವಲ 0.3 ಮಿಲಿವೋಲ್ಟ್. ಅದಕ್ಕೆ ಬೇರೆಯೇ ಪ್ರಿಆಂಪ್ಲಿಫೈಯರ್ ಬೇಕು, ಮುಳ್ಳು ಸವೆದರೆ ಇಡೀ ಕಾರ್ಟ್ರಿಜ್ಜನ್ನೇ ಕಳಿಸಬೇಕು.

ಬಗೆಬಗೆಯ ರೆಕಾರ್ಡುಗಳ ಪೆಟ್ಟಿಗೆಗೆ ನನ್ನ ತೀರ್ಮಾನ ಸ್ಪಷ್ಟ: ಮೂವಿಂಗ್ ಮ್ಯಾಗ್ನೆಟ್. ಒಂದೇ ದೇಹ, ಹಲವು ಮುಳ್ಳು. ದೇಹಕ್ಕೆ ಹಾಕುವ ದುಡ್ಡಿಗಿಂತ ಮುಳ್ಳಿಗೆ ಹಾಕುವ ದುಡ್ಡು ಹೆಚ್ಚು ಫಲ ಕೊಡುತ್ತದೆ.

ಅಳತೆಯೇ ಮೊದಲು

ಬಿತ್ತುವವರಿಗೆ ಇದನ್ನು ವಿವರಿಸುವುದು ಸುಲಭ. ಜೋಳದ ಕೂರಿಗೆಯ ತಾಳಿನ ಅಂತರ ಬೇರೆ, ಸಜ್ಜೆಯದು ಬೇರೆ. ಹಾಗೆಯೇ ರೆಕಾರ್ಡಿನ ಸಾಲಿಗೆ ತಕ್ಕ ಮುಳ್ಳು. ಮುಳ್ಳಿನ ತುದಿಯನ್ನು ಅಳೆಯುವುದು ಮಿಲ್ ಎಂಬ ಮಾನದಲ್ಲಿ, ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ, 25.4 ಮೈಕ್ರಾನ್. 78ರ ಪ್ಲೇಟಿಗೆ ಬೇಕಾದದ್ದು ಸುಮಾರು 3 ಮಿಲ್ ತ್ರಿಜ್ಯದ ದುಂಡು ಮುಳ್ಳು, ಅಂದರೆ 76 ಮೈಕ್ರಾನ್. ಎಲ್‌ಪಿಯ ದುಂಡು ಮುಳ್ಳು 0.6ರಿಂದ 0.7 ಮಿಲ್, ಹೆಚ್ಚೆಂದರೆ 18 ಮೈಕ್ರಾನ್. ಒಂದಕ್ಕೂ ಇನ್ನೊಂದಕ್ಕೂ ನಾಲ್ಕು ಪಟ್ಟು ವ್ಯತ್ಯಾಸ.

ನನ್ನ ತಪ್ಪು ಇಲ್ಲಿಯೇ ಆಗಿತ್ತು. ಎಲ್‌ಪಿಯ ಸಣ್ಣ ಮುಳ್ಳು 78ರ ಅಗಲ ಸಾಲಿನ ಗೋಡೆಗೆ ತಾಗುವುದೇ ಇಲ್ಲ, ತಳಕ್ಕೆ ಬೀಳುತ್ತದೆ. ತಳದಲ್ಲಿ ಇರುವುದು 70–80 ವರ್ಷದ ಧೂಳು ಮತ್ತು ಉಕ್ಕಿನ ಸೂಜಿಯ ಪುಡಿ. ಕಾಕಾ ಕೇಳಿದ ಮಳೆಯ ಸದ್ದು ಅದೇ. ಉಲ್ಟಾ ಮಾಡಿದರೆ ಇನ್ನೂ ಕೆಟ್ಟದ್ದು: 3 ಮಿಲ್ ಮುಳ್ಳನ್ನು ಎಲ್‌ಪಿಯ ಮೇಲಿಟ್ಟರೆ ಅದು ಸಾಲಿನೊಳಗೆ ಇಳಿಯದೆ ಅಂಚುಗಳನ್ನು ತುಳಿದು ಹಾಳು ಮಾಡುತ್ತದೆ. ಆ ಹಾನಿಯನ್ನು ಸರಿಪಡಿಸಲು ಬರುವುದಿಲ್ಲ.

ಅರಗಿನ ಪ್ಲೇಟಿನಲ್ಲಿ ಇನ್ನೊಂದು ಮಾತೂ ಇದೆ. ಆ ಪ್ಲೇಟಿನ ಅರಗಿಗೆ ಕಲ್ಲಿನ ಪುಡಿ ಬೆರೆಸುತ್ತಿದ್ದರು. ಉಕ್ಕಿನ ಸೂಜಿ ಉಜ್ಜಿ ಉಜ್ಜಿ ಸಾಲಿನ ಆಕಾರಕ್ಕೆ ಕೂರಲಿ ಎಂಬುದು ಲೆಕ್ಕ. ಒಂದು ಸಲ ಬಾರಿಸಿದ ಸೂಜಿಯನ್ನು ಬದಲಿಸಬೇಕಿತ್ತು. ಬದಲಿಸದ ಮನೆಗಳಲ್ಲಿ ಸಾಲಿನ ಗೋಡೆ ಒಂದು ನಿರ್ದಿಷ್ಟ ಎತ್ತರದಲ್ಲಿ ಸವೆಯಿತು. ಅದರ ಮೇಲೆ ಅಥವಾ ಕೆಳಗೆ ಗೋಡೆ ಇನ್ನೂ ಚೆನ್ನಾಗಿರಬಹುದು. ಆದ್ದರಿಂದ ಜಗತ್ತಿನ ದೊಡ್ಡ ಧ್ವನಿ ಸಂಗ್ರಹಾಲಯಗಳು 2ರಿಂದ 4 ಮಿಲ್‌ವರೆಗಿನ ಹಲವು ಮುಳ್ಳುಗಳನ್ನು ಇಟ್ಟುಕೊಂಡು, ಪ್ಲೇಟು ಪ್ಲೇಟಿಗೂ ಎರಡು ಮೂರನ್ನು ಪರೀಕ್ಷಿಸಿ, ಸವೆಯದ ಗೋಡೆಯನ್ನು ಹುಡುಕುತ್ತವೆ. ಮನೆಯವರಿಗೆ ಅಷ್ಟು ಬೇಕಿಲ್ಲ. ಒಂದು 3 ಮಿಲ್ ಮುಳ್ಳು ಸಾಕು, ಅಪರೂಪದ ಪ್ಲೇಟಿದ್ದರೆ ಇನ್ನೊಂದು ಅಳತೆಯದನ್ನೂ ಯೋಚಿಸಬಹುದು.

ಆಡಿಯೊ-ಟೆಕ್ನಿಕಾದ ವಿಎಂ95 ಸರಣಿ ಇದಕ್ಕೆ ಒಳ್ಳೆಯ ಉದಾಹರಣೆ. ಒಂದೇ ದೇಹಕ್ಕೆ ದುಂಡು, ದೀರ್ಘವೃತ್ತ, ಮೈಕ್ರೊಲೀನಿಯರ್, ಶಿಬಾಟಾ, ಜೊತೆಗೆ 78ರ 3 ಮಿಲ್ ಮುಳ್ಳು ಎಲ್ಲವೂ ಕೂರುತ್ತವೆ. ದೀರ್ಘವೃತ್ತದ ಮುಳ್ಳಿಗೆ 2 ಗ್ರಾಂ ಭಾರ ಸಾಕು, 78ರ ಮುಳ್ಳಿಗೆ 5 ಗ್ರಾಂ. ಮುಳ್ಳು ಬದಲಿಸಿದಾಗ ಕಾರ್ಟ್ರಿಜ್ ಹೊತ್ತ ತೋಳಿನ ಭಾರವನ್ನೂ ಬದಲಿಸಲು ಮರೆಯಬಾರದು. ಆರ್ಟೊಫಾನ್, ಗ್ರೇಡೊ ಕಂಪನಿಗಳೂ 78ಕ್ಕೆಂದು ಬೇರೆ ಕಾರ್ಟ್ರಿಜ್ ಮಾಡುತ್ತವೆ. ಹಿಂದೆ ಎಲ್ಲೆಡೆ ಸಿಗುತ್ತಿದ್ದ ಶೂರ್ ಕಾರ್ಟ್ರಿಜ್ಜುಗಳ ತಯಾರಿಕೆ 2018ರಲ್ಲಿ ನಿಂತಿತು. ಹಳೆಯ ಶೂರ್ ದೇಹ ಕೈಯಲ್ಲಿದ್ದವರು ಬೇರೆಯವರು ಮಾಡುವ ಬದಲಿ ಮುಳ್ಳನ್ನು ಹುಡುಕಬೇಕು.

ಎಲ್‌ಪಿಗೆ ಯಾವ ಆಕಾರ

78ರಲ್ಲಿ ಅಳತೆ ಮುಖ್ಯ, ಎಲ್‌ಪಿಯಲ್ಲಿ ಆಕಾರ ಮುಖ್ಯ. ಕಾರಣ ಸರಳ ಗಣಿತ. ನಿಮಿಷಕ್ಕೆ 33⅓ ಸುತ್ತು ತಿರುಗುವ 12 ಇಂಚಿನ ಎಲ್‌ಪಿಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಸಾಲು ಹಾಯುತ್ತದೆ. ಒಳಗಿನ ಕೊನೆಯ ಹಾಡಿನಲ್ಲಿ ಬರೀ 21. ಅಲ್ಲಿ 10,000 ಹರ್ಟ್ಜಿನ ಒಂದು ಅಲೆ 21 ಮೈಕ್ರಾನಿನಷ್ಟು ಕಿರಿದಾಗಿ ಕೊರೆದಿರುತ್ತದೆ. 18 ಮೈಕ್ರಾನ್ ತ್ರಿಜ್ಯದ ದುಂಡು ಮುಳ್ಳು ಅಷ್ಟು ಇಕ್ಕಟ್ಟಿನ ಬಳುಕಿನೊಳಗೆ ಹೊಗಲಾರದು. ಎಲ್‌ಪಿಯ ಕೊನೆಯ ಹಾಡಿನಲ್ಲಿ ಸ, ಶ ಅಕ್ಷರಗಳು ಒಡೆದು ಕೇಳುವುದು ಇದರಿಂದ. ಹಾಡಿನ ಸಾಹಿತ್ಯವೇ ಮುಖ್ಯವಾದ ನಮ್ಮ ಭಾವಗೀತೆ, ವಚನಗಾಯನದ ಎಲ್‌ಪಿಗಳಿಗೆ ಇದು ಸಣ್ಣ ನಷ್ಟವಲ್ಲ.

ದೀರ್ಘವೃತ್ತದ ಮುಳ್ಳಿನ ಬದಿಯ ತ್ರಿಜ್ಯ 0.3 ಮಿಲ್, ಸುಮಾರು 8 ಮೈಕ್ರಾನ್. ಮೈಕ್ರೊಲೀನಿಯರಿನದು ಇನ್ನೂ ಕಡಿಮೆ, 0.12 ಮಿಲ್. 1970ರ ದಶಕದಲ್ಲಿ ಜಪಾನಿನ ಜೆವಿಸಿಯ ಎಂಜಿನಿಯರ್ ನೋರಿಯೊ ಶಿಬಾಟಾ ನಾಲ್ಕು ಚಾನೆಲ್ಲಿನ ಎಲ್‌ಪಿಗಾಗಿ ರೂಪಿಸಿದ ಮುಳ್ಳು ಅವರ ಹೆಸರಿನಲ್ಲಿಯೇ ಉಳಿದಿದೆ. ಈ ನವಿರು ಮುಳ್ಳುಗಳು ಗೋಡೆಯ ಎತ್ತರದ ಉದ್ದಕ್ಕೂ ಆತುಕೊಳ್ಳುವುದರಿಂದ ಹಳೆಯ ಮುಳ್ಳು ಸವೆಸದ ಭಾಗವನ್ನೂ ಓದುತ್ತವೆ. ಬಾಳಿಕೆಯೂ ಹೆಚ್ಚು: ಆಡಿಯೊ-ಟೆಕ್ನಿಕಾ ಹೇಳುವ ಲೆಕ್ಕದಲ್ಲಿ ದೀರ್ಘವೃತ್ತದ ಮುಳ್ಳಿಗೆ 300 ಗಂಟೆ, ಮೈಕ್ರೊಲೀನಿಯರಿಗೆ 1,000 ಗಂಟೆ. ಬೆಲೆ ಹೆಚ್ಚಾದರೂ ಗಂಟೆಯ ಲೆಕ್ಕ ಹಾಕಿದರೆ ದುಬಾರಿಯಲ್ಲ. ಆದರೆ ಇವನ್ನು ಸರಿಯಾದ ಕೋನದಲ್ಲಿ ಕೂರಿಸುವ ತಾಳ್ಮೆ ಬೇಕು. ಹತ್ತು ಎಲ್‌ಪಿ ಮಾತ್ರ ಇದ್ದರೆ ದೀರ್ಘವೃತ್ತವೇ ಸಾಕು, ನೂರಿದ್ದರೆ ಮೈಕ್ರೊಲೀನಿಯರ್ ಕೊಳ್ಳಿ. ಮುಳ್ಳು ಯಾವುದೇ ಆಗಲಿ, ಹಳೆಯದನ್ನು, ಎಷ್ಟು ಓಡಿದೆಯೆಂದು ತಿಳಿಯದ್ದನ್ನು ಬಳಸಬೇಡಿ. ಸವೆದ ವಜ್ರ ಉಳಿಯ ಹಾಗೆ ಕೊರೆಯುತ್ತದೆ.

ಮೋನೊ ಪ್ಲೇಟು, ಸ್ಟೀರಿಯೊ ಕಾರ್ಟ್ರಿಜ್

ಸ್ಟೀರಿಯೊ ರೆಕಾರ್ಡುಗಳು ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಅದಕ್ಕೂ ಹಿಂದಿನದೆಲ್ಲ ಮೋನೊ. ಹಾಗಾದರೆ ಮೋನೊ ಕಾರ್ಟ್ರಿಜ್ ಬೇಕೇ? ಬೇಡ. ನಮ್ಮ 78ರ ಪ್ಲೇಟುಗಳಲ್ಲಿ ಹಾಡು ಇರುವುದು ಎಡಬಲದ ಅಲುಗಾಟದಲ್ಲಿ. ಮೇಲೆ ಕೆಳಗೆ ಅಲುಗುವುದೆಲ್ಲ ಧೂಳು ಮತ್ತು ಸವೆತದ ಸದ್ದು. ಸ್ಟೀರಿಯೊ ಕಾರ್ಟ್ರಿಜ್ಜಿನಿಂದ ಎರಡೂ ಗೋಡೆಯನ್ನು ಬೇರೆ ಬೇರೆಯಾಗಿ ಇಳಿಸಿಕೊಂಡು ಆಮೇಲೆ ಕಂಪ್ಯೂಟರಿನಲ್ಲಿ ಕೂಡಿಸಿದರೆ ಮೇಲೆ ಕೆಳಗಿನ ಸದ್ದು ತಾನಾಗಿ ಕಳೆದುಹೋಗುತ್ತದೆ. ಒಂದು ಗೋಡೆ ಪೂರ್ತಿ ಹಾಳಾಗಿದ್ದರೆ ಇನ್ನೊಂದನ್ನೇ ಆರಿಸಿಕೊಳ್ಳಬಹುದು. ಮೋನೊ ಕಾರ್ಟ್ರಿಜ್ ಕೂಡಿಸುವ ಕೆಲಸವನ್ನು ಮೊದಲೇ ಮಾಡಿಬಿಡುತ್ತದೆ, ಆರಿಸುವ ಅವಕಾಶ ಉಳಿಸುವುದಿಲ್ಲ. ಅಂತರರಾಷ್ಟ್ರೀಯ ಧ್ವನಿ ಸಂಗ್ರಹಾಲಯಗಳ ಒಕ್ಕೂಟ, ಐಎಎಸ್‌ಎ, ಕೊಡುವ ಸಲಹೆಯೂ ಸ್ಟೀರಿಯೊ ಕಾರ್ಟ್ರಿಜ್ಜಿನ ಕಡೆಗೇ.

ಸೆಖೆ, ಧೂಳು, ಡೊಂಕು

ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿ ಹತ್ತಿದವರಿಗೆ ಗೊತ್ತು, ಆ ಗುಮ್ಮಟ ಪಿಸುಮಾತನ್ನೂ ಚಪ್ಪಲಿಯ ಸಪ್ಪಳವನ್ನೂ ಭೇದ ಮಾಡದೆ ಮರಳಿಸುತ್ತದೆ. ಕಾರ್ಟ್ರಿಜ್ಜೂ ಹಾಗೆಯೇ. ಎಷ್ಟು ಒಳ್ಳೆಯದೋ ಅಷ್ಟು ಸ್ಪಷ್ಟವಾಗಿ ಧೂಳನ್ನೂ ಕೇಳಿಸುತ್ತದೆ. ನಮ್ಮ ಎರೆಮಣ್ಣಿನ ಧೂಳು ಹಿಟ್ಟಿನಂತೆ ಸಣ್ಣದು, ಸಾಲಿನ ತಳದಲ್ಲಿ ಅಂಟಿ ಕೂರುತ್ತದೆ. ಮುಳ್ಳು ಇಡುವ ಮೊದಲು ತೊಳೆಯಲೇಬೇಕು. ಕೊಳವೆಬಾವಿಯ ಗಡಸು ನೀರು ಬೇಡ, ಒಣಗಿದಾಗ ಉಪ್ಪಿನ ಪದರ ಉಳಿಯುತ್ತದೆ. ಡಿಸ್ಟಿಲ್ಡ್ ನೀರಿಗೆ ಎರಡು ಹನಿ ಸೌಮ್ಯ ಸೋಪು ಬೆರೆಸಿ, ಮೆತ್ತಗಿನ ಬ್ರಷ್ಷಿನಿಂದ ಸಾಲಿನ ದಿಕ್ಕಿನಲ್ಲಿ ತಿಕ್ಕಿ, ಬರೀ ಡಿಸ್ಟಿಲ್ಡ್ ನೀರಿನಿಂದ ತೊಳೆದು ನೆರಳಲ್ಲಿ ಒಣಗಿಸಿ. ಲೇಬಲ್ ನೆನೆಯಬಾರದು. ಒಂದು ಮಾತು ಗಟ್ಟಿಯಾಗಿ ನೆನಪಿಡಿ: 78ರ ಪ್ಲೇಟಿಗೆ ಸ್ಪಿರಿಟ್ ಅಥವಾ ಆಲ್ಕೋಹಾಲ್ ಹಚ್ಚಬಾರದು. ಅರಗು ಅದರಲ್ಲಿ ಕರಗುತ್ತದೆ.

ತಗಡಿನ ಮಾಳಿಗೆಯ ಕೆಳಗಿದ್ದ ವಿನೈಲ್ ಎಲ್‌ಪಿಗಳು ಡೊಂಕಾಗಿರುವುದು ಸಾಮಾನ್ಯ. ಡೊಂಕು ರೆಕಾರ್ಡು ತಿರುಗುವಾಗ ತೋಳು ತೆರೆಯ ಮೇಲಿನ ದೋಣಿಯಂತೆ ಏರಿಳಿಯುತ್ತದೆ. ತೋಳಿನ ತೂಕ ಮತ್ತು ಮುಳ್ಳಿನ ದಂಡದ ಬಾಗುಗುಣ ಸೇರಿ ಒಂದು ಸಹಜ ಕಂಪನ ಹುಟ್ಟುತ್ತದೆ. ಅದು 8ರಿಂದ 12 ಹರ್ಟ್ಜಿನ ನಡುವೆ ಇರಬೇಕು. ತೀರ ಮೆತ್ತಗಿನ ಕಾರ್ಟ್ರಿಜ್ಜನ್ನು ಭಾರದ ತೋಳಿಗೆ ಕಟ್ಟಿದರೆ ಕಂಪನ ಕೆಳಗಿಳಿದು ಡೊಂಕಿನ ಏರಿಳಿತದ ಜೊತೆ ಕೂಡಿಕೊಂಡು ಮುಳ್ಳು ಜಿಗಿಯುತ್ತದೆ. ನಮ್ಮ ಸೀಮೆಯ ರೆಕಾರ್ಡುಗಳಿಗೆ, ಸಾಧಾರಣ ತೂಕದ ತೋಳಿಗೆ, ಮಧ್ಯಮ ಬಾಗುಗುಣದ, 2 ಗ್ರಾಂ ಆಸುಪಾಸಿನ ಭಾರ ಬೇಡುವ ಕಾರ್ಟ್ರಿಜ್ ಹೊಂದುತ್ತದೆ. ಹೆದರಿ ಭಾರ ಕಡಿಮೆ ಮಾಡಬೇಡಿ. ಹಗುರ ಮುಳ್ಳು ಗೋಡೆ ಬಿಟ್ಟು ಹಾರಿ ಹಾರಿ ಬೀಳುತ್ತದೆ, ಸಾಲಿಗೆ ಆಗುವ ಪೆಟ್ಟು ಹೆಚ್ಚು.

ಕಾರ್ಟ್ರಿಜ್ಜಿನ ಆಚೆ

ಮೂವಿಂಗ್ ಮ್ಯಾಗ್ನೆಟ್ಟಿಗೆ 47 ಕಿಲೊಓಮ್ ಪ್ರತಿರೋಧದ ಫೋನೊ ಪ್ರಿಆಂಪ್ಲಿಫೈಯರ್ ಬೇಕು. 1950ರ ದಶಕದ ನಡುವಿನಿಂದ ಆರ್‌ಐಎಎ ಎಂಬ ಒಂದೇ ನಿಯಮದಂತೆ ಮಂದ್ರವನ್ನು ತಗ್ಗಿಸಿ ತಾರವನ್ನು ಎತ್ತಿ ಕೊರೆಯುವುದು ರೂಢಿಯಾಯಿತು. ಪ್ರಿಆಂಪ್ಲಿಫೈಯರ್ ಅದನ್ನು ತಿರುಗಿ ಸರಿ ಮಾಡುತ್ತದೆ. ಅದಕ್ಕೂ ಹಿಂದಿನ 78ರ ಪ್ಲೇಟುಗಳಿಗೆ ಆ ನಿಯಮ ಇರಲಿಲ್ಲ. 1925ಕ್ಕೂ ಮೊದಲು ಮೈಕ್ರೊಫೋನೇ ಇಲ್ಲದೆ ಕೊಂಬಿನೆದುರು ಹಾಡಿದ ಪ್ಲೇಟುಗಳಿಗಂತೂ ಯಾವ ನಿಯಮವೂ ಇಲ್ಲ. ಈಗಿನ ಪ್ರಿಆಂಪ್ಲಿಫೈಯರಿನಲ್ಲಿ ಅಂಥವನ್ನು ಹಾಗೆಯೇ ಇಳಿಸಿದರೆ ದನಿ ಮಂಕಾಗುತ್ತದೆ. ಅಮೀರ್‌ಬಾಯಿಯವರ ಕೆಲವು ಪ್ರತಿಗಳು ಕಂಬಳಿ ಹೊದ್ದು ಹಾಡಿದಂತೆ ಕೇಳಲು ಇದೂ ಒಂದು ಕಾರಣ. ಇಳಿಸಿಕೊಂಡ ಮೇಲೆ ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ತಾರವನ್ನು ಮರಳಿ ಎತ್ತಬಹುದು.

ಕಡತದ ಗುಣಮಟ್ಟಕ್ಕೆ ಐಎಎಸ್‌ಎ ಕನಿಷ್ಠ 48 ಕಿಲೊಹರ್ಟ್ಜ್, 24 ಬಿಟ್ ಎನ್ನುತ್ತದೆ. 96 ಕಿಲೊಹರ್ಟ್ಜ್ ಇನ್ನೂ ಒಳ್ಳೆಯದು. ಅದರಲ್ಲಿ ನಿಮಿಷಕ್ಕೆ ಸುಮಾರು 35 ಎಂಬಿ, 78ರ ಒಂದು ಬದಿಗೆ ನೂರು ಎಂಬಿ ಚಿಲ್ಲರೆ. ಇವತ್ತಿನ ಹಾರ್ಡ್‌ಡಿಸ್ಕಿಗೆ ಅದು ದೊಡ್ಡದಲ್ಲ. ಎಂಪಿ3 ಮೊಬೈಲಿಗೆ ಇರಲಿ, ಮೂಲವನ್ನು ವೇವ್ ಕಡತದಲ್ಲಿಯೇ ಇಡಿ. ಹಂಚುವ ಮೊದಲು ಹಕ್ಕಿನ ಮಾತನ್ನೂ ಯೋಚಿಸಿ: ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಸಾಹಿತ್ಯ ಮತ್ತು ಸಂಗೀತದ ಹಕ್ಕು ಅದಕ್ಕಿಂತ ಬೇರೆ.

ಒಟ್ಟು ಲೆಕ್ಕ

ಪೆಟ್ಟಿಗೆಯಲ್ಲಿ 78 ಮಾತ್ರ ಇದ್ದರೆ 3 ಮಿಲ್ ಮುಳ್ಳಿನ ಮೂವಿಂಗ್ ಮ್ಯಾಗ್ನೆಟ್ ಒಂದೇ ಸಾಕು, ಆದರೆ ಟರ್ನ್‌ಟೇಬಲ್ಲಿನಲ್ಲಿ 78ರ ವೇಗ ಇದೆಯೇ ಎಂದು ಕೊಳ್ಳುವ ಮೊದಲೇ ನೋಡಿ. ಎರಡೂ ಇದ್ದರೆ ಒಂದು ದೇಹ, ಎರಡು ಮುಳ್ಳು. ಹಣ ಕಡಿಮೆಯಿದ್ದರೆ ಬಿಡಬೇಕಾದದ್ದು ಕಾರ್ಟ್ರಿಜ್ಜಿನ ಹೆಸರು, ಮೊದಲು ಹಿಡಿಯಬೇಕಾದದ್ದು ಮುಳ್ಳಿನ ಅಳತೆ, ಆಮೇಲೆ ತೊಳೆಯುವ ತಾಳ್ಮೆ. ಬಬಲೇಶ್ವರ, ತಿಕೋಟಾದಂಥ ಊರುಗಳಲ್ಲಿ ಮನೆಗೊಂದು ಸಾಧನ ಬೇಕಿಲ್ಲ. ಊರ ಗ್ರಂಥಾಲಯದಲ್ಲೋ ಕಾಲೇಜಿನಲ್ಲೋ ಒಂದು ಟರ್ನ್‌ಟೇಬಲ್, ನಾಲ್ಕು ಅಳತೆಯ ಮುಳ್ಳು, ಕಲಿತ ಇಬ್ಬರು ಹುಡುಗರು ಇದ್ದರೆ ಸುತ್ತಲಿನ ಹಳ್ಳಿಗಳ ಪೆಟ್ಟಿಗೆಗಳೆಲ್ಲ ಉಳಿಯುತ್ತವೆ.

ಈ ಸೀಮೆಗೆ ಇಂಥ ಕೆಲಸ ಹೊಸದಲ್ಲ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿಕೆ ಮಾಡುತ್ತ, ಮನೆಮನೆಯ ಜಗುಲಿಯ ಮೇಲಿದ್ದ ತಾಳೆಗರಿಯ ಕಟ್ಟುಗಳನ್ನು ಸಂಗ್ರಹಿಸಿ, ಹೋಲಿಸಿ ಓದಿ, 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು. ಗೆದ್ದಲು ತಿಂದ ಗರಿಯಲ್ಲಿ ಅಕ್ಷರ ಕಾಣದ ಕಡೆ ಇನ್ನೊಂದು ಪ್ರತಿ ಹುಡುಕುವುದು, ಇದ್ದದ್ದನ್ನು ಇದ್ದಂತೆ ಓದುವುದು ಆ ಕೆಲಸದ ಧರ್ಮ. ರೆಕಾರ್ಡು ಇಳಿಸುವವರ ಧರ್ಮವೂ ಅದೇ. ಸದ್ದು ತೆಗೆದು ನುಣುಪು ಮಾಡಿದ ಪ್ರತಿಯನ್ನು ಮೂಲ ಎನ್ನಬಾರದು. ತಿದ್ದದ ಪ್ರತಿಯೊಂದನ್ನು ಬೇರೆಯಾಗಿ ಇಟ್ಟು, ಅದರ ಜೊತೆ ಯಾವ ಮುಳ್ಳು, ಎಷ್ಟು ಭಾರ, ಯಾವ ವೇಗ, ಲೇಬಲ್ಲಿನ ಸಂಖ್ಯೆ ಯಾವುದು ಎಂದು ಬರೆದಿಡಬೇಕು. ಮುಂದೆ ನಮಗಿಂತ ಒಳ್ಳೆಯ ಸಾಧನದಿಂದ ಓದುವವರು ಬಂದಾಗ ಅವರಿಗೆ ದಾರಿ ತಿಳಿಯುತ್ತದೆ.

ತಿಕೋಟಾಕ್ಕೆ ಎರಡನೆಯ ಸಲ ಹೋದಾಗ 3 ಮಿಲ್ ಮುಳ್ಳು ಒಯ್ದೆ. ಪ್ಲೇಟು ತೊಳೆದು ನೆರಳಲ್ಲಿ ಒಣಗಿಸಿ, ತೋಳಿನ ಭಾರ 5 ಗ್ರಾಮಿಗೆ ತಿರುಗಿಸಿ, ಮುಳ್ಳು ಇಳಿಸಿದೆ. ಸಾರಂಗಿ ಮೊದಲು ಬಂತು, ಹಿಂದೆಯೇ ದನಿ. ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಕೊನೆಯ ಸಾಲಿನವರೆಗೆ ಕಾಕಾ ಮಾತಾಡಲಿಲ್ಲ. ತೋಳು ಎತ್ತಿದ ಮೇಲೆ, "ಮಳಿ ನಿಂತೈತಿ ನೋಡು. ಇನ್ನೊಂದ್ಸಲ ಹಚ್ಚು" ಅಂದರು. ಹಚ್ಚಲಿಲ್ಲ. ಪ್ಲೇಟನ್ನು ಅರಿವೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು, ಕಂಪ್ಯೂಟರಿನಲ್ಲಿ ಇಳಿದಿದ್ದ ಪ್ರತಿಯನ್ನು ಕೇಳಿಸಿದೆ. ಅದೇ ಉಸಿರು ಅದರಲ್ಲಿಯೂ ಇತ್ತು.